1974ರಲ್ಲಿ ಭಾರತ ಸೋಲಲಿಲ್ಲ, ಆಡಲಿಲ್ಲ

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ಪತ್ರಿಕೆಯ ಕ್ರೀಡಾ ಪುಟದಲ್ಲಿ ಡೇವಿಸ್ ಕಪ್ ಟೆನಿಸ್ ಕುರಿತು ಈಚೆಗೆ ಬಂದ ಬರಹದ ಪಕ್ಕದಲ್ಲಿ, ಈ ಸ್ಪರ್ಧೆಯಲ್ಲಿ ಭಾರತ ಮಾಡಿದ ಸಾಧನೆಯನ್ನು ಒಂದು ಪುಟ್ಟ ಚೌಕಟ್ಟಿನಲ್ಲಿ ಕೊಡಲಾಗಿತ್ತು. ಅದರ ಕೊನೆಯ ಸಾಲು ‘1966, 1974 ಮತ್ತು 1987ರ ಫೈನಲ್‌ಗಳಲ್ಲಿ ಸೋಲು’ ಎಂದಿತ್ತು. ಮೊದಲನೆಯ ಮತ್ತು ಮೂರನೆಯ ಇಸವಿಗಳ ಬಗ್ಗೆ ನನ್ನ ತಕರಾರಿಲ್ಲ. ನಡುವಿನ ಇಸವಿಯ ಮುಂದೆ ಆ ಪದ ನಿಲ್ಲುವುದಿಲ್ಲ. 1974ರಲ್ಲಿ ಭಾರತ ಫೈನಲ್ ತಲುಪಿತ್ತು. ಎದುರಾಳಿಯಾಗಿ ಒದಗಿದ್ದ ದಕ್ಷಿಣ ಆಫ್ರಿಕಾದ ಜೊತೆ, ಅಲ್ಲಿನ ವರ್ಣಭೇದ ನೀತಿಯನ್ನು ವಿರೋಧಿಸಿ, ಆಡಲು ನಿರಾಕರಿಸಿತು. ಒಂದು ಚೆಂಡೂ ಪುಟಿಯಲಿಲ್ಲ, ಕಪ್ ದಕ್ಷಿಣ ಆಫ್ರಿಕಾಕ್ಕೆ ಹೋಯಿತು. ಇದನ್ನು ಸೋಲು ಎಂದು ಬರೆದರೆ, ಪಂದ್ಯದ ದಿನ ಗಾಯಗೊಂಡು ಹಿಂದೆ ಸರಿದವನಿಗೂ, ಆಡುವ ಕಸುವಿದ್ದೂ ಆಡೆನೆಂದವನಿಗೂ ವ್ಯತ್ಯಾಸವೇ ಇಲ್ಲದಂತಾಗುತ್ತದೆ.

ಒಂದು ಪದದ ತಿದ್ದುಪಡಿಗೆ ಇಷ್ಟುದ್ದದ ಪತ್ರ ಬೇಕೇ ಎಂದು ತಾವು ಕೇಳಬಹುದು. ಆ ಚೌಕಟ್ಟಿನಲ್ಲಿ ಇಸವಿಗಳಿದ್ದವು, ಫಲಿತಾಂಶಗಳಿದ್ದವು, ಆಟಗಾರರ ಹೆಸರುಗಳೂ ಇದ್ದವು. ಊರುಗಳು ಮಾತ್ರ ಇರಲಿಲ್ಲ. ಡೇವಿಸ್ ಕಪ್‌ನ ಇತಿಹಾಸವನ್ನು ಊರು ಬಿಟ್ಟು ಬರೆದರೆ 1974ರಂಥ ವರ್ಷ ಅರ್ಥವಾಗುವುದೇ ಇಲ್ಲ. ಏಕೆಂದರೆ ಬೇರೆ ಟೆನಿಸ್ ಟೂರ್ನಿಗಳಲ್ಲಿ ಆಟಗಾರನು ಆಟವಿರುವ ಊರಿಗೆ ಹೋಗುತ್ತಾನೆ. ಇಲ್ಲಿ ಹೆಚ್ಚುಕಡಿಮೆ ಒಂದು ಶತಮಾನಕ್ಕೂ ಮೀರಿ, ಒಂದು ದೇಶ ಇನ್ನೊಂದು ದೇಶದ ಮನೆಯಂಗಳಕ್ಕೆ ಹೋಗಿ ಆಡಿದೆ. ಅಂಗಳ ಹುಲ್ಲಿನದೋ ಮಣ್ಣಿನದೋ ಎಂಬುದನ್ನು ಮನೆಯವರೇ ತೀರ್ಮಾನಿಸುತ್ತಿದ್ದರು.

ಅಂಗಳದ ಬಗ್ಗೆ ಜಗಳವೂ ಸ್ಪರ್ಧೆಯಷ್ಟೇ ಹಳೆಯದು. ಹಾರ್ವರ್ಡ್‌ನಲ್ಲಿ ಓದುತ್ತಿದ್ದ ಡ್ವೈಟ್ ಡೇವಿಸ್ ಎಂಬ ಇಪ್ಪತ್ತೊಂದರ ತರುಣ ತನ್ನ ಹಣದಿಂದ ಬಾಸ್ಟನ್ನಿನ ಆಭರಣದಂಗಡಿಯೊಂದರ ಮೂಲಕ 217 ಔನ್ಸ್, ಅಂದರೆ ಸುಮಾರು ಆರೂಮುಕ್ಕಾಲು ಕಿಲೊ ತೂಕದ ಬೆಳ್ಳಿಯ ಬೋಗುಣಿಯನ್ನು ಮಾಡಿಸಿ, 1900ರ ಆಗಸ್ಟ್‌ನಲ್ಲಿ ಬ್ರಿಟನ್ ತಂಡವನ್ನು ಬಾಸ್ಟನ್ನಿನ ಲಾಂಗ್‌ವುಡ್ ಕ್ರಿಕೆಟ್ ಕ್ಲಬ್ಬಿಗೆ ಕರೆಸಿದಾಗ ಈ ಸ್ಪರ್ಧೆಗೆ ಅವನ ಹೆಸರಿರಲಿಲ್ಲ; ‘ಅಂತರರಾಷ್ಟ್ರೀಯ ಲಾನ್ ಟೆನಿಸ್ ಚಾಲೆಂಜ್’ ಎಂದೇ ಅದನ್ನು ಕರೆಯುತ್ತಿದ್ದರು. ಡೇವಿಸ್, ಮಾಲ್ಕಮ್ ವಿಟ್‌ಮನ್ ಮತ್ತು ಹೋಲ್ಕೂಂಬ್ ವಾರ್ಡ್ ಇದ್ದ ಅಮೆರಿಕ ತಂಡ 3-0ರಿಂದ ಗೆದ್ದಿತು. ಸೋತ ತಂಡದ ಹರ್ಬರ್ಟ್ ರೋಪರ್ ಬ್ಯಾರೆಟ್ ಊರಿಗೆ ಮರಳಿದ ಮೇಲೆ ದೂರಿದ್ದು ಎದುರಾಳಿಯ ಬಗ್ಗೆ ಅಲ್ಲ. ಹುಲ್ಲು ಉದ್ದವಾಗಿತ್ತು, ಬಲೆ ಜೋತುಬೀಳುತ್ತಿತ್ತು, ಚೆಂಡು ಮೆತ್ತಗಿತ್ತು ಎಂದು ಅವರು ಹೇಳಿಕೊಂಡರು. ನಮ್ಮ ಹಳ್ಳಿಗಳ ಕಬಡ್ಡಿ ಪಂದ್ಯ ಮುಗಿದ ಮೇಲೆ ಕೇಳಿಬರುವ ಮಾತುಗಳಿಗೂ ಇದಕ್ಕೂ ಹೆಚ್ಚಿನ ದೂರವಿಲ್ಲ. ಆದರೂ ಮೂರು ವರ್ಷಗಳ ನಂತರ ಅದೇ ಅಮೆರಿಕಕ್ಕೆ ಹೋಗಿ ಡೊಹರ್ಟಿ ಸೋದರರು ಬೋಗುಣಿಯನ್ನು ಬ್ರಿಟನ್ನಿಗೆ ತಂದರು. ಆಮೇಲೆ ಬೆಲ್ಜಿಯಂ, ಫ್ರಾನ್ಸ್, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಸೇರಿದ ಆಸ್ಟ್ರಲೇಷ್ಯಾ ತಂಡ, ಹೀಗೆ ಒಂದೊಂದಾಗಿ ದೇಶಗಳು ಸೇರಿಕೊಂಡವು. ಡೇವಿಸ್ ಮುಂದೆ ಅಮೆರಿಕದ ಯುದ್ಧ ಇಲಾಖೆಯ ಕಾರ್ಯದರ್ಶಿಯಾದರು, ಫಿಲಿಪ್ಪೀನ್ಸ್‌ನ ಗವರ್ನರ್ ಜನರಲ್ ಆದರು, 1945ರಲ್ಲಿ ತೀರಿಕೊಂಡರು. ಇಂದು ಅವರನ್ನು ನೆನಪಿಡುವುದು ಆ ಬೋಗುಣಿಯಿಂದ ಮಾತ್ರ.

ಆ ಕಾಲದ ನಿಯಮವೊಂದನ್ನು ಇಲ್ಲಿ ಹೇಳದಿದ್ದರೆ ಮುಂದಿನದು ತಿಳಿಯದು. ಹಿಂದಿನ ವರ್ಷ ಕಪ್ ಗೆದ್ದ ದೇಶ ಮರುವರ್ಷ ಒಂದೇ ಒಂದು ಸಲ, ಕೊನೆಯಲ್ಲಿ, ತನ್ನ ನೆಲದಲ್ಲಿ ಆಡಿದರೆ ಸಾಕಿತ್ತು. ಉಳಿದ ದೇಶಗಳೆಲ್ಲ ಪರಸ್ಪರ ಸೆಣಸಿ, ಗೆದ್ದು ಉಳಿದ ಒಂದು ದೇಶ ಅದರ ಬಾಗಿಲಿಗೆ ಹೋಗಬೇಕಿತ್ತು. ಇದಕ್ಕೆ ಚಾಲೆಂಜ್ ರೌಂಡ್ ಎಂದು ಹೆಸರು. ಸಿಂಹಾಸನದ ಮೇಲೆ ಕುಳಿತವನು ಏಳದೆಯೇ ಕಾದಾಡುವ ಪದ್ಧತಿಯಿದು. ಲಕೋಸ್ತ್, ಕೋಷೆ, ಬೊರೋತ್ರಾ, ಬ್ರುನ್ಯೋ ಎಂಬ ಫ್ರಾನ್ಸಿನ ನಾಲ್ವರು 1927ರಲ್ಲಿ ಅಮೆರಿಕದಿಂದ ಕಪ್ ಕಿತ್ತುಕೊಂಡು ಬಂದಾಗ, ಮರುವರ್ಷ ಅದನ್ನು ಕಾಪಾಡಿಕೊಳ್ಳಲು ಪ್ಯಾರಿಸ್ಸಿನಲ್ಲಿ ತಕ್ಕ ಅಂಗಳವೇ ಇರಲಿಲ್ಲ. ಅದಕ್ಕೆಂದೇ ಕಟ್ಟಿದ ಕ್ರೀಡಾಂಗಣಕ್ಕೆ ವಿಮಾನಯೋಧ ರೋಲಾಂ ಗಾರೋಸ್‌ನ ಹೆಸರಿಟ್ಟರು. ಇಂದು ಫ್ರೆಂಚ್ ಓಪನ್ ನಡೆಯುವ ಜಾಗ ಅದೇ. ಅಲ್ಲಿ 1932ರವರೆಗೆ ಅವರು ಕಪ್ ಬಿಟ್ಟುಕೊಡಲಿಲ್ಲ. ಕೊನೆಯ ವರ್ಷ ಮಣ್ಣಿಗೆ ಬೇಕೆಂದೇ ನೀರು ಹಾಯಿಸಿ ಅಂಗಳವನ್ನು ನಿಧಾನ ಮಾಡಿದರೆಂಬ ಆರೋಪ ಅಮೆರಿಕದವರದು. 1972ರಲ್ಲಿ ಚಾಲೆಂಜ್ ರೌಂಡ್ ರದ್ದಾಗಿ ಕಪ್ ಗೆದ್ದವರೂ ಮೊದಲ ಸುತ್ತಿನಿಂದಲೇ ಆಡಬೇಕಾದ ಮೊದಲ ವರ್ಷವೇ ಅಮೆರಿಕ ತಂಡ ಬುಕಾರೆಸ್ಟಿಗೆ ಹೋಗಿ, ರುಮೇನಿಯಾದ ನಿಧಾನದ ಮಣ್ಣನ್ನೂ ಅಲ್ಲಿನ ಗೆರೆ ತೀರ್ಪುಗಾರರನ್ನೂ ಎದುರಿಸಿ 3-2ರಿಂದ ಗೆದ್ದು ಬಂತು.

ನಾನು ಟೆನಿಸ್ ಕಲಿತದ್ದು ಶಿವಮೊಗ್ಗದಲ್ಲಿ, ಸಗಣಿ ಸಾರಿಸಿದ ಅಂಗಳದಲ್ಲಿ. ಬೆಳಗಿನ ಹೊತ್ತು ಗಟ್ಟಿಯಾಗಿ ಒಣಗಿದ್ದಾಗ ಚೆಂಡು ಎದ್ದುಬರದೆ ಜಾರಿಕೊಂಡು ಬರುತ್ತಿತ್ತು. ಸಂಜೆಯ ಹೊತ್ತಿಗೆ ಹಕ್ಕಳೆ ಎದ್ದು ಯಾವ ಕಡೆ ತಿರುಗುತ್ತದೆಂದು ಹೇಳುವಂತಿರಲಿಲ್ಲ. ಬೇರೆ ಊರಿನ ಆಟಗಾರರು ಬಂದಾಗ ಮೊದಲ ಸೆಟ್ ನಮ್ಮದೇ. ಅವರು ಎರಡನೆಯ ಸೆಟ್‌ನ ಹೊತ್ತಿಗೆ ಮೊಣಕಾಲು ಬಗ್ಗಿಸಲು ಕಲಿತಿರುತ್ತಿದ್ದರು. ಅಂಗಳವೂ ಒಬ್ಬ ಆಟಗಾರನೇ ಎಂದು ನನಗೆ ಗೊತ್ತಾದದ್ದು ಹೀಗೆ. ಭಾರತ ದಶಕಗಳ ಕಾಲ ಕಲ್ಕತ್ತೆಯ ಸೌತ್ ಕ್ಲಬ್ಬಿನ ಮತ್ತು ದೆಹಲಿಯ ಹುಲ್ಲನ್ನು ಏಕೆ ಬಿಡಲಿಲ್ಲ ಎಂಬುದನ್ನು ನನಗೆ ಯಾರೂ ವಿವರಿಸಬೇಕಾಗಿ ಬರಲಿಲ್ಲ.

ಬ್ರಿಟಿಷರ ಆಳ್ವಿಕೆಯಲ್ಲಿದ್ದಾಗಲೇ, 1921ರಲ್ಲಿ, ಭಾರತ ತನ್ನದೇ ತಂಡವಾಗಿ ಈ ಸ್ಪರ್ಧೆಗೆ ಇಳಿಯಿತು. ಆ ಮೊದಲ ವರ್ಷವೇ ಫ್ರಾನ್ಸನ್ನು ಮಣಿಸಿ, ಜಪಾನಿಗೆ ಸೋತಿತು. ಆದರೆ ಕಪ್‌ನ ಬಾಗಿಲವರೆಗೆ ಹೋದದ್ದು 1966ರಲ್ಲಿ. ಆ ವರ್ಷದ ಡಿಸೆಂಬರ್‌ನಲ್ಲಿ ಸೌತ್ ಕ್ಲಬ್ಬಿನಲ್ಲಿ ಬ್ರೆಜಿಲ್ ವಿರುದ್ಧದ ಐದು ಪಂದ್ಯಗಳ ಮುಖಾಮುಖಿಯಲ್ಲಿ ಎರಡೂ ಕಡೆ ಎರಡೆರಡು ಪಂದ್ಯ ಗೆದ್ದಾಗಿತ್ತು. ಕೊನೆಯದರಲ್ಲಿ ರಾಮನಾಥನ್ ಕೃಷ್ಣನ್ ಎಡಗೈ ಆಟಗಾರ ಥೊಮಾಸ್ ಕೋಚ್ ಎದುರು ಮೊದಲ ಸೆಟ್ 3-6ರಿಂದ ಕಳೆದುಕೊಂಡರು, ಎರಡನೆಯದನ್ನು 6-4ರಿಂದ ಗೆದ್ದರು, ಮೂರನೆಯದು 10-12ರಲ್ಲಿ ಕೈತಪ್ಪಿತು. ನಾಲ್ಕನೆಯದರಲ್ಲಿ 2-5ರ ಹಿನ್ನಡೆ. ಕೋಚ್ ಒಂದು ಗೇಮ್ ಗೆದ್ದರೆ ಸಾಕಿತ್ತು. ಮೈಬಲದ ಆಟವನ್ನು ಎಂದೂ ಆಡದ, ಚೆಂಡನ್ನು ಹೊಡೆಯುವುದಕ್ಕಿಂತ ಇಡುವುದನ್ನೇ ಬಲ್ಲ ಕೃಷ್ಣನ್, ಅಲ್ಲಿಂದ ಸತತ ಐದು ಗೇಮ್ ಗೆದ್ದು ಸೆಟ್ಟನ್ನು 7-5ಕ್ಕೆ ತಂದರು. ಐದನೆಯದನ್ನು 6-2ರಿಂದ ಮುಗಿಸಿದರು. ನನ್ನ ತಂದೆ ಈ ಪಂದ್ಯವನ್ನು ಹೇಳುವಾಗ 2-5ಕ್ಕೆ ಬಂದು ನಿಲ್ಲಿಸಿ, ಎಲೆಯಡಿಕೆ ಹಾಕಿಕೊಂಡು, ನಾವು ‘ಆಮೇಲೆ?’ ಎಂದು ಕೇಳುವವರೆಗೂ ಬಾಯಿ ತೆರೆಯುತ್ತಿರಲಿಲ್ಲ. ಅವರು ಕಲ್ಕತ್ತೆಯನ್ನು ಕಂಡವರಲ್ಲ.

ಚಾಲೆಂಜ್ ರೌಂಡ್‌ಗೆ ಭಾರತ ಮೆಲ್ಬರ್ನಿನ ಕೂಯಾಂಗ್‌ಗೆ ಹೋಗಬೇಕಾಯಿತು. ಹ್ಯಾರಿ ಹಾಪ್‌ಮನ್ ನಾಯಕತ್ವದ ಆಸ್ಟ್ರೇಲಿಯಾ ಆಗ ಕಪ್ಪನ್ನು ಮನೆಯ ಪಾತ್ರೆಯೆಂಬಂತೆ ಇಟ್ಟುಕೊಂಡಿದ್ದ ಕಾಲ. ಭಾರತ 1-4ರಿಂದ ಸೋತಿತು. ಗೆದ್ದ ಒಂದು ಪಂದ್ಯ ಡಬಲ್ಸ್. ಕೃಷ್ಣನ್ ಮತ್ತು ಜೈದೀಪ್ ಮುಖರ್ಜಿ ಸೋಲಿಸಿದ್ದು ಜಾನ್ ನ್ಯೂಕೂಂಬ್ ಮತ್ತು ಟೋನಿ ರೋಚ್ ಜೋಡಿಯನ್ನು. ಇದು ಸೋಲು, ಒಪ್ಪಬೇಕಾದ ಸೋಲು.

ಇನ್ನು 1974. ಆ ವರ್ಷ ಪೂರ್ವ ವಲಯದ ಫೈನಲ್‌ನಲ್ಲಿ ಆಸ್ಟ್ರೇಲಿಯಾ ಕಲ್ಕತ್ತೆಗೆ ಬಂತು. ಟೈಬ್ರೇಕರ್ ಡೇವಿಸ್ ಕಪ್ಪಿಗೆ ಇನ್ನೂ ಕಾಲಿಡದ ದಿನಗಳು. ಎರಡು ಗೇಮ್‌ಗಳ ಅಂತರ ಸಿಗುವವರೆಗೂ ಸೆಟ್ ಮುಗಿಯುತ್ತಿರಲಿಲ್ಲ. ವಿಜಯ್ ಮತ್ತು ಆನಂದ್ ಅಮೃತರಾಜ್ ಸೋದರರು ಜಾನ್ ಅಲೆಕ್ಸಾಂಡರ್ ಮತ್ತು ಕಾಲಿನ್ ಡಿಬ್ಲಿ ಜೋಡಿಯನ್ನು 17-15, 6-8, 6-3, 16-18, 6-4ರಿಂದ ಸೋಲಿಸಿದರು. ಒಂದೇ ಪಂದ್ಯದಲ್ಲಿ 99 ಗೇಮ್. ಐದೂ ಪಂದ್ಯಗಳನ್ನು ಕೂಡಿದರೆ 327 ಗೇಮ್. ಡೇವಿಸ್ ಕಪ್‌ನ ಯಾವ ಮುಖಾಮುಖಿಯೂ ಅಷ್ಟು ಗೇಮ್‌ಗಳನ್ನು ಕಂಡಿಲ್ಲ. ಭಾರತ 3-2ರಿಂದ ಗೆದ್ದಿತು. ಬಳಿಕ ಪುಣೆಯಲ್ಲಿ ಸೋವಿಯತ್ ಒಕ್ಕೂಟವನ್ನು 3-1ರಿಂದ ಮಣಿಸಿತು. ವಿಜಯ್ ಹಿಂದಿನ ವರ್ಷವಷ್ಟೇ ವಿಂಬಲ್ಡನ್ ಮತ್ತು ಅಮೆರಿಕ ಓಪನ್ ಎರಡರಲ್ಲೂ ಎಂಟರ ಘಟ್ಟ ತಲುಪಿದ್ದರು. ಆಗ ಅವರಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಆವರೆಗಿನ ಎಪ್ಪತ್ತನಾಲ್ಕು ವರ್ಷಗಳಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್, ಆಸ್ಟ್ರೇಲಿಯಾ ಈ ನಾಲ್ಕರ ಹೊರಗೆ ಆ ಬೋಗುಣಿ ಹೋಗಿರಲಿಲ್ಲ. ಐದನೆಯ ಹೆಸರು ಭಾರತದ್ದಾಗುವ ಸಾಧ್ಯತೆ ಕೈಯಳತೆಯಲ್ಲಿತ್ತು.

ಎದುರಿಗಿದ್ದದ್ದು ದಕ್ಷಿಣ ಆಫ್ರಿಕಾ. ಕಪ್ಪುವರ್ಣೀಯ ಅಮೆರಿಕನ್ ಆಟಗಾರ ಆರ್ಥರ್ ಆ್ಯಶ್‌ಗೆ ವೀಸಾ ನಿರಾಕರಿಸಿದ ಆ ದೇಶವನ್ನು 1970ರಲ್ಲಿ ಡೇವಿಸ್ ಕಪ್‌ನಿಂದ ಹೊರಗಿಡಲಾಗಿತ್ತು. ಆಮೇಲೆ ಮತ್ತೆ ಒಳಗೆ ಬಿಟ್ಟುಕೊಂಡಿದ್ದರು. ಭಾರತಕ್ಕೆ ಅದರೊಡನೆ ಇದ್ದ ಜಗಳ ಟೆನಿಸ್ಸಿನದಲ್ಲ. ದಕ್ಷಿಣ ಆಫ್ರಿಕಾದೊಡನೆ ವ್ಯಾಪಾರವನ್ನು ನಿಲ್ಲಿಸಿದ ಮೊದಲ ದೇಶ ನಮ್ಮದು; ಅದು 1946ರಲ್ಲಿ, ಸ್ವಾತಂತ್ರ್ಯ ಬರುವುದಕ್ಕೂ ಮೊದಲು. ನಮ್ಮ ಭಾವ ಎಪ್ಪತ್ತರ ದಶಕದಲ್ಲಿ ಕುವೈತಿಗೆ ಕೆಲಸಕ್ಕೆ ಹೋದಾಗ ಮಾಡಿಸಿದ ಪಾಸ್‌ಪೋರ್ಟ್ ಇಂದಿಗೂ ನಮ್ಮ ಮನೆಯ ಟ್ರಂಕಿನಲ್ಲಿದೆ. ಮೂಲೆಗಳು ಮಡಚಿಕೊಂಡಿವೆ, ಹೊದಿಕೆಯ ಮೇಲಿನ ಚಿನ್ನದ ಬಣ್ಣದ ಸಿಂಹಗಳು ಅರ್ಧ ಅಳಿಸಿವೆ. ಒಳಗೆ, ದಕ್ಷಿಣ ಆಫ್ರಿಕಾ ಗಣರಾಜ್ಯವೊಂದನ್ನು ಬಿಟ್ಟು ಎಂಬ ಷರತ್ತಿನ ಮುದ್ರೆ ನೇರಳೆ ಮಸಿಯಲ್ಲಿ ಇನ್ನೂ ಓದಲು ಬರುತ್ತದೆ. ಚಿಕ್ಕಂದಿನಲ್ಲಿ ಆ ಸಾಲನ್ನು ಓದಿ, ಅಲ್ಲಿ ಏನೋ ದೊಡ್ಡ ರೋಗವಿರಬೇಕೆಂದು ನಾನು ಭಾವಿಸಿದ್ದೆ. ಸಾಮಾನ್ಯ ಪ್ರಜೆಯನ್ನೇ ಆ ದೇಶಕ್ಕೆ ಕಳಿಸದ ಸರ್ಕಾರ, ತನ್ನ ಬಾವುಟದ ಕೆಳಗೆ ಆಡುವ ತಂಡವನ್ನು ಆ ದೇಶದ ಎದುರು ನಿಲ್ಲಿಸಲು ಒಪ್ಪುವಂತಿರಲಿಲ್ಲ. ತಂಡ ಹಿಂದೆ ಸರಿಯಿತು. ಡೇವಿಸ್ ಕಪ್‌ನ ದಾಖಲೆಯಲ್ಲಿ ಆ ವರ್ಷದ ಫೈನಲ್ ಎದುರಿಗೆ ಅಂಕಗಳಿಲ್ಲ, ವಾಕ್‌ಓವರ್ ಎಂದಷ್ಟೇ ಇದೆ. ಆಡದೆಯೇ ತೀರ್ಮಾನವಾದ ಫೈನಲ್ ಅದೊಂದೇ.

ಇದು ಆಟಗಾರರಿಗೆ ಸುಲಭವಾಗಿತ್ತೆಂದು ನಾನು ಹೇಳುವುದಿಲ್ಲ. ಅವರ ದೇಹಕ್ಕೆ ಆಡುವ ವಯಸ್ಸು ಹತ್ತು ಹನ್ನೆರಡು ವರ್ಷದ್ದು. ನೀತಿಗೆ ಅಂಥ ಗಡುವಿಲ್ಲ. ವಿಜಯ್ ಅಮೃತರಾಜ್‌ಗೆ ಎರಡನೆಯ ಫೈನಲ್ ಸಿಕ್ಕಿದ್ದು ಹದಿಮೂರು ವರ್ಷಗಳ ನಂತರ, ಮೂವತ್ತನಾಲ್ಕು ತುಂಬಿದ ವಾರದಲ್ಲಿ. ಅಷ್ಟು ಹೊತ್ತಿಗೆ ಮೊಣಕಾಲು ಬೇರೆಯದಾಗಿರುತ್ತದೆ. ದೇಶ ಕೇಳಿದ್ದನ್ನು ಇಪ್ಪತ್ತರ ಹರೆಯದ ಹುಡುಗರು ಕೊಟ್ಟರು, ಪ್ರತಿಯಾಗಿ ಐವತ್ತು ವರ್ಷಗಳ ಮೇಲೆ ಒಂದು ಚೌಕಟ್ಟಿನಲ್ಲಿ ಅವರಿಗೆ ‘ಸೋಲು’ ಬಂದಿದೆ. ನನ್ನ ಆಕ್ಷೇಪ ಇಷ್ಟು ಬಿಸಿಯಾಗಿರಲು ಇದೇ ಕಾರಣ.

ಆ ದಶಕದಲ್ಲಿ ‘ಯಾರ ಮನೆಗೆ ಹೋಗಬಹುದು, ಯಾರನ್ನು ಮನೆಗೆ ಕರೆಯಬಹುದು’ ಎಂಬ ಪ್ರಶ್ನೆ ನಮ್ಮೊಬ್ಬರದಾಗಿರಲಿಲ್ಲ. 1968ರಲ್ಲಿ ಸ್ವೀಡನ್ನಿನ ಬೊಸ್ಟಾಡ್ ಎಂಬ ಕಡಲ ತೀರದ ಊರಿನಲ್ಲಿ ರೊಡೇಷಿಯಾ (ಇಂದಿನ ಜಿಂಬಾಬ್ವೆ) ತಂಡ ಆಡಬೇಕಿದ್ದಾಗ, ಅಲ್ಲಿನ ಬಿಳಿಯರ ಆಡಳಿತವನ್ನು ವಿರೋಧಿಸುವವರು ಅಂಗಳಕ್ಕೆ ಮುತ್ತಿಗೆ ಹಾಕಿದ್ದರಿಂದ ಆಟವನ್ನು ಫ್ರಾನ್ಸಿಗೆ ಒಯ್ಯಬೇಕಾಯಿತು. 1975ರಲ್ಲಿ ಅದೇ ಬೊಸ್ಟಾಡ್‌ನಲ್ಲಿ ಸೇನಾ ಸರ್ವಾಧಿಕಾರಿ ಪಿನೋಚೆಯ ಚಿಲಿ ತಂಡ ಆಡಿದಾಗ ಹೊರಗೆ ಸಾವಿರಾರು ಪ್ರತಿಭಟನಕಾರರಿದ್ದರು, ಒಳಗೆ ಪ್ರೇಕ್ಷಕರಿಗಿಂತ ಪೊಲೀಸರೇ ಹೆಚ್ಚೆಂಬ ಸ್ಥಿತಿ. ಮರುವರ್ಷ ಸೋವಿಯತ್ ಒಕ್ಕೂಟ ಚಿಲಿಯೊಡನೆ ಸೆಮಿಫೈನಲ್ ಆಡಲು ಒಪ್ಪಲಿಲ್ಲ. ಹಾಗೆ ಫೈನಲ್ ತಲುಪಿದ ಚಿಲಿಯನ್ನು ಎದುರಿಸಲು ಇಟಲಿ, ತನ್ನ ದೇಶದೊಳಗಿನ ದೊಡ್ಡ ವಿರೋಧದ ನಡುವೆಯೂ, ಸ್ಯಾಂಟಿಯಾಗೊಗೆ ಹೋಯಿತು. ಡಬಲ್ಸ್‌ನಲ್ಲಿ ಅದ್ರಿಯಾನೊ ಪನಾಟ್ಟ ಮತ್ತು ಪಾವೊಲೊ ಬೆರ್ತೊಲೂಚಿ ಕೆಂಪು ಅಂಗಿ ತೊಟ್ಟು ಕಣಕ್ಕಿಳಿದರು. ಎಡಪಂಥೀಯರನ್ನು ದಮನಿಸುತ್ತಿದ್ದ ಪಿನೋಚೆಯ ಆಳ್ವಿಕೆಯಲ್ಲಿ ಆ ಬಣ್ಣಕ್ಕೆ ಏನರ್ಥವೆಂದು ಬಿಡಿಸಿ ಹೇಳಬೇಕಿಲ್ಲ. ಇಟಲಿ 4-1ರಿಂದ ಗೆದ್ದು ಮೊದಲ ಸಲ ಕಪ್ ತಂದಿತು. ಹೋಗಿ ಗೆದ್ದವರದು ಒಂದು ದಾರಿ, ಹೋಗದೆ ಉಳಿದವರದು ಇನ್ನೊಂದು. ಯಾವುದು ಸರಿ ಎಂದು ಇಂದಿಗೂ ವಾದಿಸಬಹುದು, ಎರಡನ್ನೂ ಒಂದೇ ಪದದಲ್ಲಿ ದಾಖಲಿಸಲಾಗದು.

1987ರ ಕಥೆ ತಮ್ಮ ಓದುಗರಿಗೆ ಹೆಚ್ಚು ಪರಿಚಿತ; ಬೇಗ ಹೇಳಿ ಮುಗಿಸುತ್ತೇನೆ. ದೆಹಲಿಯ ಹುಲ್ಲಿನ ಮೇಲೆ ಅರ್ಜೆಂಟೀನಾದ ಮಾರ್ಟಿನ್ ಹೈಟೆ ಎದುರು ವಿಜಯ್ ಮ್ಯಾಚ್ ಪಾಯಿಂಟ್ ಉಳಿಸಿಕೊಂಡು ಗೆದ್ದರು. ಸೆಮಿಫೈನಲ್‌ನಲ್ಲಿ ಸಿಡ್ನಿಯ ಹುಲ್ಲಿನ ಮೇಲೆ ಹಾಲಿ ಚಾಂಪಿಯನ್ ಆಸ್ಟ್ರೇಲಿಯಾವನ್ನು ಭಾರತ 3-2ರಿಂದ ಸೋಲಿಸಿತು. ನಿರ್ಣಾಯಕ ಕೊನೆಯ ಪಂದ್ಯದಲ್ಲಿ ವಾಲಿ ಮಾಸರ್‌ರನ್ನು ಮೂರೇ ಸೆಟ್‌ಗಳಲ್ಲಿ ಮಣಿಸಿದವರು 1966ರ ಕೃಷ್ಣನ್‌ರ ಮಗ ರಮೇಶ್. ಫೈನಲ್ ಸ್ವೀಡನ್ನಿನ ಯೋಥೆಬೊರಿಯಲ್ಲಿ. ಸ್ವೀಡನ್ನಿನವರು ಮುಚ್ಚಿದ ಸಭಾಂಗಣದೊಳಕ್ಕೆ ಮಣ್ಣು ತಂದು ಹಾಸಿದರು. ಹುಲ್ಲಿನಲ್ಲಿ ಬೆಳೆದವರನ್ನು ಡಿಸೆಂಬರ್‌ನ ಚಳಿಯಲ್ಲಿ, ಮಾಟ್ಸ್ ವಿಲಾಂಡರ್‌ನಂಥ ಮಣ್ಣಿನ ಮಗನ ಎದುರು ಮಣ್ಣಿನ ಮೇಲೆ ನಿಲ್ಲಿಸಿದರೆ ಆಗುವುದೇ ಆಯಿತು: 0-5. ಇದರಲ್ಲಿ ಅನ್ಯಾಯವೇನೂ ಇಲ್ಲ. ನಾವು ಕಲ್ಕತ್ತೆಯಲ್ಲಿ ಮಾಡುತ್ತಿದ್ದುದನ್ನೇ ಅವರು ಮಾಡಿದ್ದರು.

1993ರಲ್ಲಿ ಅದಕ್ಕೆ ತಿರುಗಾಮುರುಗಾ ಆದದ್ದನ್ನು ನೋಡಿ. ಫ್ರಾನ್ಸಿನ ಫ್ರೆಜು ಎಂಬ ಊರಿನಲ್ಲಿ, ಅದೂ ಮಣ್ಣಿನ ಮೇಲೆ, ಲಿಯಾಂಡರ್ ಪೇಸ್ ಮತ್ತು ರಮೇಶ್ ಕೃಷ್ಣನ್ ಫ್ರಾನ್ಸನ್ನು 3-2ರಿಂದ ಸೋಲಿಸಿದರು. ಆಮೇಲೆ ಯುರೋಪಿನಲ್ಲಿ ಯುರೋಪಿನದೇ ತಂಡವೊಂದನ್ನು ಭಾರತ ಸೋಲಿಸಲು 32 ವರ್ಷ ಕಾಯಬೇಕಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಸ್ವಿಟ್ಜರ್ಲೆಂಡಿನ ಬೀಲ್‌ನಲ್ಲಿ ಅದು 3-1ರಿಂದ ನೆರವೇರಿತು. ಬೀಲ್‌ನ ಗೆಲುವಿನ ಸುದ್ದಿಯ ಬೆಲೆ ಗೊತ್ತಾಗಬೇಕಾದರೆ ಫ್ರೆಜುವಿನ ಹೆಸರು ಗೊತ್ತಿರಬೇಕು.

ನಾನು ಕಣ್ಣಾರೆ ಕಂಡದ್ದು 2014ರ ಸೆಪ್ಟೆಂಬರ್‌ನಲ್ಲಿ, ಬೆಂಗಳೂರಿನ ಕಬ್ಬನ್ ಪಾರ್ಕ್‌ನ ಟೆನಿಸ್ ಕ್ರೀಡಾಂಗಣದಲ್ಲಿ. ಎದುರಾಳಿ ಸರ್ಬಿಯಾ, ಜೊಕೊವಿಕ್ ಬಂದಿರಲಿಲ್ಲ. ಮೊದಲ ದಿನ ಎರಡೂ ಸಿಂಗಲ್ಸ್ ಕಳೆದುಕೊಂಡಿದ್ದೆವು. ಶನಿವಾರ ಡಬಲ್ಸ್‌ಗೆ ಪೇಸ್ ಮತ್ತು ನಮ್ಮ ಕೊಡಗಿನ ರೋಹನ್ ಬೋಪಣ್ಣ ಇಳಿದಾಗ ನಾನು ಕಾಂಕ್ರೀಟ್ ಮೆಟ್ಟಿಲ ಮೇಲೆ ಮಡಚಿದ ಪತ್ರಿಕೆಯನ್ನು ಹಾಸಿಕೊಂಡು ಕುಳಿತಿದ್ದೆ. ಮೊದಲ ಸೆಟ್ 1-6. ಎರಡನೆಯದು ಟೈಬ್ರೇಕರ್‌ನಲ್ಲಿ ಹೋಯಿತು. ಪಕ್ಕದಲ್ಲಿ ಕುಳಿತಿದ್ದ ಕುಟುಂಬವೊಂದು ಬುತ್ತಿ ಕಟ್ಟಿಕೊಂಡು ಎದ್ದು ಹೊರಟೂಬಿಟ್ಟಿತು. ಮೂರನೆಯ ಸೆಟ್‌ನಿಂದ ಬೋಪಣ್ಣನವರ ಸರ್ವ್ ಬೀಳುವ ಸದ್ದೇ ಬದಲಾಯಿತು. ಪೇಸ್ ಬಲೆಯ ಬಳಿ ಒಂದು ಚೆಂಡು ಗೆದ್ದಾಗಲೆಲ್ಲ ಪ್ರೇಕ್ಷಕರ ಕಡೆ ತಿರುಗಿ ಎರಡೂ ಕೈಗಳಿಂದ ಕೂಗನ್ನು ಮೇಲೆತ್ತುತ್ತಿದ್ದರು. 6-3, 6-3, ಕೊನೆಗೆ 8-6. ಆ ಐದನೆಯ ಸೆಟ್‌ನಲ್ಲಿ ಸರ್ಬಿಯಾದ ಜಿಮೊಂಜಿಕ್ ಸರ್ವ್ ಮಾಡಲು ಚೆಂಡನ್ನು ನೆಲಕ್ಕೆ ಕುಟ್ಟುತ್ತ ನಿಂತರೆ, ಅಂಪೈರ್ ಎಷ್ಟು ಬೇಡಿಕೊಂಡರೂ ಗದ್ದಲ ಅಡಗುತ್ತಿರಲಿಲ್ಲ. ಭಾನುವಾರ ಸೋಮದೇವ್ ದೇವವರ್ಮನ್ ಮತ್ತೆ ಐದು ಸೆಟ್‌ಗಳಲ್ಲಿ ಗೆದ್ದು 2-2 ಮಾಡಿದರು. ಆಮೇಲೆ ಬೆಂಗಳೂರಿನ ಮಳೆ. ಉಳಿದ ಆಟವನ್ನು ಸೋಮವಾರಕ್ಕೆ ಹಾಕಿದರು. ಸೋಮವಾರ ಯೂಕಿ ಭಾಂಬ್ರಿ ಸೋತರು, ಭಾರತ 2-3ರಿಂದ ಸೋತಿತು. ಮಲ್ಲೇಶ್ವರದ ತಂಗಿಯ ಮನೆಯಿಂದ ಒಂದು ದಿನ ತಡವಾಗಿ ಶಿವಮೊಗ್ಗದ ರೈಲು ಹತ್ತಿದೆ. ಅಂಥ ಸೋಲನ್ನು ಸೋಲು ಎಂದು ಬರೆಯಿರಿ, ನನಗೆ ಬೇಸರವಿಲ್ಲ. ನಾನೇ ಸಾಕ್ಷಿ.

2018ರ ಆಗಸ್ಟ್‌ನಲ್ಲಿ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ ಅಮೆರಿಕದ ಒರ್ಲಾಂಡೊದಲ್ಲಿ ಸಭೆ ಸೇರಿ ಈ ವ್ಯವಸ್ಥೆಯನ್ನು ಬದಲಿಸಿತು. ಪರವಾಗಿ ಬಿದ್ದ ಮತ ಶೇ 71. ಫುಟ್‌ಬಾಲ್ ಆಟಗಾರ ಜೆರಾರ್ಡ್ ಪಿಕೆಯ ಕಾಸ್ಮಾಸ್ ಕಂಪನಿ 25 ವರ್ಷಗಳಲ್ಲಿ 300 ಕೋಟಿ ಡಾಲರ್ ಹೂಡುವ ಮಾತು ಕೊಟ್ಟಿತ್ತು. 2019ರಿಂದ 18 ದೇಶಗಳು ಮ್ಯಾಡ್ರಿಡ್‌ನಲ್ಲಿ ಒಂದು ವಾರ ಕೂಡಿ ಕಪ್ಪಿಗಾಗಿ ಆಡುವಂತಾಯಿತು. ಪ್ರತಿ ಮುಖಾಮುಖಿಗೆ ಎರಡು ಸಿಂಗಲ್ಸ್ ಮತ್ತು ಒಂದು ಡಬಲ್ಸ್, ಪ್ರತಿ ಪಂದ್ಯಕ್ಕೆ ಹೆಚ್ಚೆಂದರೆ ಮೂರು ಸೆಟ್. ಬದಲಾವಣೆಗೆ ಕಾರಣಗಳಿರಲಿಲ್ಲ ಎಂದು ನಾನು ಹೇಳಲಾರೆ. ದೊಡ್ಡ ಆಟಗಾರರು ವರ್ಷಕ್ಕೆ ನಾಲ್ಕು ವಾರಾಂತ್ಯಗಳನ್ನು ಕೊಡಲು ಹಿಂಜರಿಯುತ್ತಿದ್ದರು. ಮೂರು ದಿನಗಳ ಐದು ಸೆಟ್‌ಗಳ ಆಟ ಅವರ ಮೈಯನ್ನು ಹಿಂಡುತ್ತಿತ್ತು. ಆದರೆ ಹಳೆಯ ಪದ್ಧತಿ ಮುಗಿಯುವ ನಾಲ್ಕು ವರ್ಷ ಮೊದಲು, 2014ರಲ್ಲಿ, ಫ್ರಾನ್ಸಿನ ಲೀಲ್‌ನಲ್ಲಿ ಫೆಡರರ್ ಇದ್ದ ಸ್ವಿಟ್ಜರ್ಲೆಂಡ್ ಕಪ್ ಗೆದ್ದದ್ದನ್ನು ನೋಡಲು ಒಂದೇ ದಿನ 27,448 ಜನ ಸೇರಿದ್ದರು. ಪ್ರೇಕ್ಷಕರಿಗೆ ಬೇಡವಾಗಿದ್ದ ಪದ್ಧತಿಯಲ್ಲ ಅದು. ಕಾಸ್ಮಾಸ್‌ನ 25 ವರ್ಷದ ಒಪ್ಪಂದ 2023ರ ಜನವರಿಯಲ್ಲಿ ಮುರಿದುಬಿತ್ತು, ಐದನ್ನೂ ಪೂರೈಸಲಿಲ್ಲ. ಕೆಳಗಿನ ಸುತ್ತುಗಳಲ್ಲಿ ತವರು ನೆಲದ ಆಟ ಉಳಿದಿದೆ, ಕೊನೆಯ ಸುತ್ತಿಗೆ ಮಾತ್ರ ಎಲ್ಲರೂ ಒಂದೇ ಊರಿಗೆ ಹೋಗಬೇಕು.

ಮೂರು ಸೆಟ್‌ಗಳ ಲೆಕ್ಕವನ್ನು ಹಳೆಯ ಪಂದ್ಯಗಳಿಗೆ ಹಾಕಿ ನೋಡುವುದು ನನ್ನ ಒಂದು ಕೆಟ್ಟ ಚಟ. ಕೃಷ್ಣನ್ 1966ರಲ್ಲಿ ಕೋಚ್‌ಗೆ 3-6, 6-4, 10-12ರಿಂದ ಸೋತು ಮನೆಗೆ ಹೋಗುತ್ತಿದ್ದರು. ನಮ್ಮ ತಂದೆಗೆ ಹೇಳಲು ಕಥೆಯೇ ಇರುತ್ತಿರಲಿಲ್ಲ. 1995ರಲ್ಲಿ ದೆಹಲಿಯ ಹುಲ್ಲಿನ ಮೇಲೆ, ಜಗತ್ತಿನ ಮೊದಲ ಹತ್ತು ಆಟಗಾರರಲ್ಲಿ ಒಬ್ಬರಾಗಿದ್ದ ಕ್ರೊಯೇಷಿಯಾದ ಗೊರಾನ್ ಇವಾನಿಸೆವಿಕ್‌ಗೆ ಪೇಸ್ ಮೊದಲೆರಡು ಸೆಟ್ ಕೊಟ್ಟು ಆಮೇಲೆ ಮೂರನ್ನು ಗೆದ್ದದ್ದು ಅಳಿಸಿಹೋಗುತ್ತಿತ್ತು. ಕಬ್ಬನ್ ಪಾರ್ಕ್‌ನ ಡಬಲ್ಸ್ ಆ ಕುಟುಂಬ ಬುತ್ತಿ ಕಟ್ಟಿದ ಹೊತ್ತಿಗೇ ಮುಗಿದಿರುತ್ತಿತ್ತು. ಅಮೃತರಾಜ್ ಸೋದರರು ಮಾತ್ರ ಹೇಗೂ ಗೆಲ್ಲುತ್ತಿದ್ದರು, 99ರ ಬದಲು 55 ಗೇಮ್‌ಗಳಲ್ಲಿ.

ಹಾಗೆಂದು ಊರಿನ ಮಹತ್ವ ಹಳೆಯ ಕಾಲದೊಂದಿಗೆ ಮುಗಿದಿಲ್ಲ. 2019ರಲ್ಲಿ ಪಾಕಿಸ್ತಾನದ ಎದುರಿನ ಆಟ ಇಸ್ಲಾಮಾಬಾದಿನಿಂದ ಕಜಾಖ್‌ಸ್ತಾನದ ರಾಜಧಾನಿಗೆ ಹೋಯಿತು. 2024ರ ಫೆಬ್ರುವರಿಯಲ್ಲಿ ಭಾರತ ತಂಡ ಇಸ್ಲಾಮಾಬಾದಿಗೇ ಹೋಗಿ, ಹುಲ್ಲಿನ ಮೇಲೆ ಆಡಿ, 4-0ರಿಂದ ಗೆದ್ದು ಬಂದಿತು. ಪಾಕಿಸ್ತಾನದ ನೆಲದಲ್ಲಿ ಭಾರತ ಡೇವಿಸ್ ಕಪ್ ಆಡಿದ್ದು 60 ವರ್ಷಗಳ ನಂತರ. ಅಂಕಪಟ್ಟಿಯಲ್ಲಿ ಅದು ಕೆಳಗಿನ ಸುತ್ತಿನ ಸಾಧಾರಣ ಗೆಲುವು.

ಆದುದರಿಂದ ತಮ್ಮಲ್ಲಿ ನನ್ನ ವಿನಂತಿ ಚಿಕ್ಕದು. ಮುಂದೆ ಈ ಪಟ್ಟಿಯನ್ನು ಮತ್ತೆ ಮುದ್ರಿಸುವಾಗ ಮೂರು ಸಾಲುಗಳಿಗೆ ಜಾಗ ಮಾಡಿ. 1966ರ ಎದುರಿಗೆ ‘ಮೆಲ್ಬರ್ನ್, 1-4’ ಎಂದೂ, 1987ರ ಎದುರಿಗೆ ‘ಯೋಥೆಬೊರಿ, 0-5’ ಎಂದೂ ಹಾಕಿರಿ. 1974ರ ಎದುರಿಗೆ ಊರಿನ ಜಾಗವನ್ನು ಖಾಲಿ ಬಿಟ್ಟು, ಫಲಿತಾಂಶದ ಜಾಗದಲ್ಲಿ ‘ಆಡಲಿಲ್ಲ’ ಎಂದು ಬರೆಯಿರಿ.

ಇಂತಿ ತಮ್ಮ ವಿಶ್ವಾಸಿ,
ಹಳೆಯ ಓದುಗ, ಶಿವಮೊಗ್ಗ